ಅಂತೆ, ಅಂಟ, ಎನ್ನಲಾಗಿದೆ

ನಮ್ಮ ವಾಚನಾಲಯಕ್ಕೆ ಬೆಳಗ್ಗೆ ಮೊದಲು ಬರೋದು ತೆಲುಗು ಪತ್ರಿಕೆ. ಹಿಂದೂಪುರದಿಂದ ಬರುವ ಮೊದಲ ಬಸ್ಸಿನಲ್ಲೇ ಕಟ್ಟು ಬಂದು ಬಿದ್ದಿರುತ್ತೆ. ಕನ್ನಡದ್ದು ಗೌರಿಬಿದನೂರು ಕಡೆಯಿಂದ ಬರಬೇಕು, ಹತ್ತು ಗಂಟೆ ಆಗುತ್ತೆ. ಹಾಗಾಗಿ ಯಾವ ದೊಡ್ಡ ಸಾವಿನ ಸುದ್ದಿಯೂ ನಮಗೆ ಮೊದಲು ತೆಲುಗಿನಲ್ಲಿ ತಿಳಿದು, ಆಮೇಲೆ ಕನ್ನಡದಲ್ಲಿ ಖಾತ್ರಿಯಾಗುವುದು ಹಿಂದಿನಿಂದ ಬಂದ ವಾಡಿಕೆ. ಈಗ ಫೋನು ಬಂದು ಆ ವರಸೆ ಕೆಟ್ಟಿದೆ. ಸತ್ತವರ ಮನೆಗೆ ನೆಂಟರು ತಲುಪುವ ಮುಂಚೆ, ಅವರು ಯಾಕೆ ಸತ್ತರು ಅನ್ನೋದು ನಮ್ಮ ಕಟ್ಟೆಯ ಮೇಲೆ ತೀರ್ಮಾನ ಆಗಿರುತ್ತೆ.

ಈ ಬರಹ ಆ ತೀರ್ಮಾನಗಳ ವಿಮರ್ಶೆ. ಕಥೆ, ಕವನ ವಿಮರ್ಶೆ ಮಾಡೋ ಜಾಗದಲ್ಲಿ ಇದೇನು ಅಂತ ಕೆಲವರು ಕೇಳಬಹುದು. ಆದರೆ ನಮ್ಮೂರಿನಲ್ಲಿ ವರ್ಷಕ್ಕೆ ಒಂದು ಕಾದಂಬರಿ ಓದೋರು ಹತ್ತು ಜನ ಇದ್ದರೆ ಹೆಚ್ಚು. ಸಾವಿನ ಕಾರಣದ ಕಥೆಯನ್ನು ದಿನಾ ಕೇಳೋರು, ಹೇಳೋರು, ಒಂದೆಳೆ ಸೇರಿಸಿ ಮುಂದಕ್ಕೆ ಕಳಿಸೋರು ಊರಿಗೆ ಊರೇ. ಅದನ್ನು ವಿಮರ್ಶೆ ಮಾಡದೆ ಇನ್ನೇನನ್ನು ಮಾಡೋದು?

ಮೊದಲು ಮಾತಿನಿಂದಲೇ ಶುರು ಮಾಡೋಣ. ಕನ್ನಡದಲ್ಲಿ ‘ಅಂತೆ’ ಅಂತ ಒಂದು ಪುಟ್ಟ ಪದ ಇದೆ. ‘ಸತ್ತುಹೋದ’ ಅನ್ನೋದಕ್ಕೂ ‘ಸತ್ತುಹೋದನಂತೆ’ ಅನ್ನೋದಕ್ಕೂ ಇರುವ ಅಂತರ ಮೂರು ವರ್ಷದ ಮಗುವಿಗೂ ಗೊತ್ತು. ನಾನು ಕಂಡಿಲ್ಲ, ಯಾರೋ ಹೇಳಿದ್ದು, ನನ್ನ ಮೇಲೆ ಹಾಕಬೇಡಿ ಅಂತ ಆ ಪದವೇ ಹೇಳಿಬಿಡುತ್ತೆ. ನಮ್ಮ ಸೀಮೆಯ ತೆಲುಗಿನಲ್ಲೂ ಅದಕ್ಕೆ ಸರಿಜೋಡಿ ಇದೆ, ‘ಅಂಟ’. ಎರಡು ಭಾಷೆಯ ನಡುವೆ ಬದುಕೋ ನಾವು ಒಂದೇ ಉಸಿರಿನಲ್ಲಿ ಎರಡನ್ನೂ ಆಡ್ತೀವಿ. ಈ ಪದಗಳ ಬಗ್ಗೆ ನನಗೆ ಗೌರವ ಇದೆ. ಅಂತೆ ಕಂತೆ ಅಂತ ಜನ ಹೀಯಾಳಿಸಿದರೂ ಅದು ಪ್ರಾಮಾಣಿಕ ಪದ. ತನ್ನ ಕೈಯಲ್ಲಿ ಪುರಾವೆ ಇಲ್ಲ ಅಂತ ತಾನೇ ಒಪ್ಪಿಕೊಳ್ಳುತ್ತೆ.

ಕೆಟ್ಟದ್ದು ಅಂದರೆ ಅಚ್ಚಿನ ಕನ್ನಡದ ‘ಎನ್ನಲಾಗಿದೆ’. ಶಾಲೆಯಲ್ಲಿ ಕರ್ಮಣಿ ಪ್ರಯೋಗ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಿರಬಹುದು. ಅಲ್ಲಿ ‘ರಾಮನಿಂದ’ ಅಂತಾದರೂ ಒಂದು ಹೆಸರು ಇರುತ್ತಿತ್ತು. ಇಲ್ಲಿ ಅದೂ ಇಲ್ಲ. ಯಾರು ಅಂದರು? ಯಾವಾಗ ಅಂದರು? ಅವರು ಕಂಡಿದ್ದರಾ? ‘ಸಾವಿನ ಹಿಂದೆ ಕೈವಾಡ ಇದೆ ಎನ್ನಲಾಗಿದೆ.’ ‘ಶಂಕೆ ವ್ಯಕ್ತವಾಗಿದೆ.’ ಶಂಕೆ ತಾನಾಗಿ ವ್ಯಕ್ತವಾಗೋಕೆ ಅದೇನು ಮಳೆಗೆ ಏಳೋ ಅಣಬೆಯಾ? ಅದರ ಜೊತೆಗೆ ತಲೆಬರಹದ ಕೊನೆಗೊಂದು ಪ್ರಶ್ನೆ ಚಿಹ್ನೆ. ‘ಕೊಲೆಯೇ?’ ಅಂತ ಹಾಕಿದರೆ ಓದೋನು ‘ಕೊಲೆ’ ಅಂತ ಓದಿಕೊಳ್ತಾನೆ, ನಾಳೆ ವಕೀಲರು ಬಂದರೆ ಪತ್ರಿಕೆ ‘ನಾವು ಬರೀ ಕೇಳಿದ್ವಿ’ ಅಂತ ಆ ಚಿಹ್ನೆ ತೋರಿಸುತ್ತೆ. ತೆಲುಗು ಪತ್ರಿಕೆಗಳು ಇದರಲ್ಲಿ ಏನೂ ಕಮ್ಮಿ ಇಲ್ಲ.

ನಮ್ಮ ಕಡೆಯವರಿಗೆ ಇದರ ದೊಡ್ಡ ಪಾಠ ಆದದ್ದು ವೈ.ಎಸ್. ರಾಜಶೇಖರ ರೆಡ್ಡಿಯವರ ಸಾವಿನಲ್ಲಿ. 2009ರ ಸೆಪ್ಟೆಂಬರ್ 2, ಬುಧವಾರ. ಬೆಳಗ್ಗೆ ಬೇಗಂಪೇಟೆಯಿಂದ ಚಿತ್ತೂರು ಜಿಲ್ಲೆಯ ರಚ್ಚಬಂಡ ಕಾರ್ಯಕ್ರಮಕ್ಕೆ ಹೊರಟ ಬೆಲ್ 430 ಹೆಲಿಕಾಪ್ಟರು ನಲ್ಲಮಲ ಕಾಡಿನ ಮೇಲೆ ಸಂಪರ್ಕ ಕಳೆದುಕೊಂಡಿತು. ಅವತ್ತಿಡೀ ಮುಖ್ಯಮಂತ್ರಿ ಎಲ್ಲಿ ಅನ್ನೋದೇ ಯಾರಿಗೂ ಗೊತ್ತಿಲ್ಲ. ನಾವು ಇಪ್ಪತ್ತು ಜನ ಒಂದು ಟಿವಿ ಮುಂದೆ ಕೂತಿದ್ವಿ. ಕಾಡಿನಲ್ಲಿ ಇಳಿದಿದ್ದಾರಂಟ, ನಡಕೊಂಡು ಬರ್ತಾ ಇದ್ದಾರಂಟ, ಕ್ಷೇಮ ಅಂಟ. ಸಂಜೆ ಹೊತ್ತಿಗೆ ಇನ್ನೊಂದು ದಿಕ್ಕಿನ ಅಂಟಗಳು. ಮಾರನೇ ದಿನ ಬೆಳಗ್ಗೆ ಪಾವುರಾಲಗುಟ್ಟದ ಹತ್ತಿರ ಐದು ಜನರ ದೇಹ ಸಿಕ್ಕಿದವು. ಮುಖ್ಯಮಂತ್ರಿ, ಅವರ ಕಾರ್ಯದರ್ಶಿ, ಭದ್ರತಾ ಅಧಿಕಾರಿ, ಇಬ್ಬರು ಪೈಲಟ್‌ಗಳು.

ಆಮೇಲಿನ ವಾರಗಳಲ್ಲಿ ಪತ್ರಿಕೆಗಳಲ್ಲಿ ಒಂದು ಪಟ್ಟಿ ಬೆಳೆಯೋಕೆ ಶುರುವಾಯಿತು. ವೈಎಸ್ ಸುದ್ದಿ ಕೇಳಿ ಗುಂಡೆ ಆಗಿ ಸತ್ತವರ ಪಟ್ಟಿ. ನೂರಾರು ಹೆಸರು. 2010ರಲ್ಲಿ ಜಗನ್‌ಮೋಹನ ರೆಡ್ಡಿಯವರು ಹೊರಟ ಓದಾರ್ಪು ಯಾತ್ರೆಯೇ ಆ ಮನೆಗಳಿಗೆ ಸಮಾಧಾನ ಹೇಳೋದಕ್ಕೆ. ಪ್ರೀತಿಯ ನಾಯಕ ಹೋದ ಅಂತ ಎದೆ ಒಡೆದುಕೊಂಡವರು ಇರಲಿಲ್ಲ ಅಂತ ನಾನು ಹೇಳೋಲ್ಲ. ನಮ್ಮೂರಲ್ಲೇ ಊಟ ಬಿಟ್ಟವರನ್ನು ಕಂಡಿದ್ದೀನಿ. ಆದರೆ ಪಟ್ಟಿಯಲ್ಲಿ ಸೇರಿದ ಒಬ್ಬೊಬ್ಬರ ಸಾವಿಗೂ ಕಾರಣ ಬರೆದವರು ಯಾರು? ಡಾಕ್ಟರಲ್ಲ. ವರದಿಗಾರ ಬರೆದ, ಮನೆಯವರು ತಲೆಯಾಡಿಸಿದರು, ಪಕ್ಷ ಎಣಿಸಿತು. ಎಂಬತ್ತು ವರ್ಷದ ಅಜ್ಜ ಆ ವಾರ ತೀರಿಕೊಂಡರೆ ಅವನಿಗೆ ಬೇರೆ ಕಾರಣದಿಂದ ಸಾಯೋ ಹಕ್ಕೇ ಉಳಿಯಲಿಲ್ಲ. ಸಾವಿನ ಕಾರಣ ಅನ್ನೋದು ಸತ್ತವನದ್ದಾಗಿ ಉಳಿಯದೆ ಬದುಕಿರೋರ ಬಳಕೆಯ ವಸ್ತು ಆಗೋದನ್ನ ನಾನು ಮೊದಲು ಕಂಡದ್ದು ಅಲ್ಲಿ.

ಮುಂದಿನದು ಇನ್ನೂ ಕೆಟ್ಟದ್ದು. 2010ರ ಜನವರಿ 7. ಅಪಘಾತದ ತನಿಖೆ ಇನ್ನೂ ನಡೀತಿದೆ. ಟಿವಿ5 ಚಾನೆಲ್ಲಿನಲ್ಲಿ ಒಂದು ಸುದ್ದಿ ಬಂತು, ಬೇರೆ ಚಾನೆಲ್‌ಗಳೂ ಎತ್ತಿಕೊಂಡವು. ಅದರ ಮೂಲ ಏನು ಅಂತ ನೋಡಿದರೆ, ರಷ್ಯಾದ್ದು ಅಂತ ಹೇಳಿದ ಒಂದು ಇಂಗ್ಲಿಷ್ ಜಾಲತಾಣದಲ್ಲಿ ತಿಂಗಳುಗಳ ಹಿಂದೆ ಬಿದ್ದಿದ್ದ ಬರಹ. ಹೆಲಿಕಾಪ್ಟರ್ ಬಿದ್ದದ್ದಲ್ಲ, ಬೀಳಿಸಿದ್ದು, ಅದರ ಹಿಂದೆ ದೊಡ್ಡ ಉದ್ದಿಮೆಯವರಿದ್ದಾರೆ ಅನ್ನೋ ಆರೋಪ. ಅವತ್ತು ರಾತ್ರಿಯೇ ರಾಜ್ಯದ ಊರೂರಲ್ಲಿ ರಿಲಯನ್ಸ್ ಅಂಗಡಿ, ಪೆಟ್ರೋಲ್ ಬಂಕುಗಳಿಗೆ ಕಲ್ಲು ಬಿತ್ತು. ಅಲ್ಲಿ ಕೆಲಸ ಮಾಡ್ತಿದ್ದ ಹುಡುಗರು ನಮ್ಮ ನಿಮ್ಮಂಥೋರ ಮಕ್ಕಳೇ. ಚಾನೆಲ್ಲಿನವರನ್ನು ಪೊಲೀಸರು ಹಿಡಿದರು. ಒಂದು ಪುರಾವೆಯೂ ಇಲ್ಲದ ಮಾತು ಇಷ್ಟು ಕೆಲಸ ಮಾಡಿತು.

ತನಿಖೆಯ ವರದಿ ಏನು ಹೇಳಿತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನು ಇಲ್ಲೇ ಕೇಳಿ ನೋಡಿದ್ದೀನಿ. ಕಲ್ಲು ಬಿದ್ದದ್ದು ಎಲ್ಲರಿಗೂ ನೆನಪು, ವರದಿ ಒಬ್ಬರಿಗೂ ಇಲ್ಲ. ಆರ್.ಕೆ. ತ್ಯಾಗಿ ನೇತೃತ್ವದ ತಾಂತ್ರಿಕ ಸಮಿತಿ ಅವಶೇಷಗಳನ್ನು, ಕಾಕ್‌ಪಿಟ್ಟಿನ ಧ್ವನಿಮುದ್ರಿಕೆಯನ್ನು ಪರೀಕ್ಷಿಸಿ ಹೇಳಿದ್ದು ಇದು: ಹವಾಮಾನ ಕೆಟ್ಟಿತ್ತು, ಎಣ್ಣೆಯ ಒತ್ತಡದ ಬಗ್ಗೆ ಒಂದು ಎಚ್ಚರಿಕೆ ದೀಪ ಹತ್ತಿತು, ಪೈಲಟ್‌ಗಳು ಅದರ ಪರಿಹಾರವನ್ನು ಕೈಪಿಡಿಯಲ್ಲಿ ಹುಡುಕುತ್ತಾ ನಿಮಿಷಗಟ್ಟಲೆ ಮಗ್ನರಾದರು, ಅಷ್ಟರಲ್ಲಿ ಮೋಡದೊಳಗಿನ ಕೆಳಮುಖದ ಬಲವಾದ ಗಾಳಿಗೆ ಸಿಕ್ಕಿ ಹೆಲಿಕಾಪ್ಟರ್ ಹತೋಟಿ ತಪ್ಪಿತು. ವಿಧ್ವಂಸಕ ಕೃತ್ಯ ಅಲ್ಲ.

ಈಗ ವಿಮರ್ಶಕನಾಗಿ ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಡ್ತೀನಿ. ಚಾನೆಲ್ಲಿನ ಕಥೆಯಲ್ಲಿ ಖಳ ಇದ್ದಾನೆ, ಹಣ ಇದೆ, ಸಂಚು ಇದೆ. ಸಮಿತಿಯ ಕಥೆಯಲ್ಲಿ ಒಂದು ದೀಪ, ಒಂದು ಪುಸ್ತಕ, ಒಂದಷ್ಟು ಮೋಡ. ನಮ್ಮ ಕಡೆ ಕುರುಕ್ಷೇತ್ರ ನಾಟಕ ಕಲಿಸೋ ಹಾರ್ಮೋನಿಯಂ ಮೇಷ್ಟ್ರಿಗೆ ಇವೆರಡನ್ನೂ ಕೊಟ್ಟರೆ ಯಾವುದನ್ನ ಆರಿಸ್ತಾರೆ ಅಂತ ಹೇಳಬೇಕಾಗಿಲ್ಲ. ಶಕುನಿ ಇಲ್ಲದ ಕುರುಕ್ಷೇತ್ರಕ್ಕೆ ಯಾರು ಚಂದಾ ಕೊಡ್ತಾರೆ? ದೊಡ್ಡ ಮನುಷ್ಯ ಸತ್ತರೆ ಕಾರಣವೂ ಅವನಷ್ಟೇ ದೊಡ್ಡದಾಗಿರಬೇಕು ಅನ್ನೋದು ನಮ್ಮ ಮನಸ್ಸಿನ ಹಟ. ಎಣ್ಣೆಯ ದೀಪ ಹತ್ತಿ ಒಬ್ಬ ಮುಖ್ಯಮಂತ್ರಿ ಸಾಯಬಹುದು ಅಂದರೆ ನಮಗೆ ಅವಮಾನ ಆದ ಹಾಗೆ.

ಅಂದಹಾಗೆ, ಅದೇ ನಾಟಕದಲ್ಲಿ ಇದಕ್ಕೆ ತಕ್ಕ ಇನ್ನೊಂದು ಸಂದರ್ಭ ಇದೆ. ಅಶ್ವತ್ಥಾಮ ಸತ್ತ ಅಂತ ಕೂಗು ಎದ್ದಾಗ ದ್ರೋಣಾಚಾರ್ಯರು ತಕ್ಷಣ ನಂಬಲಿಲ್ಲ. ಸುಳ್ಳಾಡದವನು ಅಂತ ಹೆಸರಾದ ಧರ್ಮರಾಯನನ್ನು ಕರೆದು ಕೇಳಿದರು. ಅಷ್ಟು ವಿಚಾರಿಸಿಯೂ ಮೋಸ ಹೋದರು. ನಾವು ಅಷ್ಟೂ ವಿಚಾರಿಸೋಲ್ಲ.

ಪುಟ್ಟಪರ್ತಿಯದು ಬೇರೆ ಥರ. 2011ರ ಮಾರ್ಚ್ 28ರಂದು ಸತ್ಯಸಾಯಿಬಾಬಾ ಆಸ್ಪತ್ರೆ ಸೇರಿದರು, ಏಪ್ರಿಲ್ 24ರ ಭಾನುವಾರ ಬೆಳಗ್ಗೆ ತೀರಿಕೊಂಡರು. ನಡುವಿನ ನಾಲ್ಕು ವಾರ ದಿನಾ ಪ್ರಕಟಣೆ ಬರ್ತಿತ್ತು, ವೆಂಟಿಲೇಟರ್, ಡಯಾಲಿಸಿಸ್ ಅಂತ ಇಂಗ್ಲಿಷ್ ಮಾತುಗಳಲ್ಲಿ. ಗೇಟಿನ ಹೊರಗೆ ನಿಂತಿದ್ದವರು ತೆಲುಗು, ಕನ್ನಡದ ಭಕ್ತರು. ಒಂದು ಪ್ರಕಟಣೆಗೂ ಇನ್ನೊಂದಕ್ಕೂ ನಡುವಿನ ಖಾಲಿ ಜಾಗವನ್ನು ಜನ ತಾವೇ ತುಂಬಿಕೊಂಡರು: ಆಗಲೇ ಹೋಗಿಬಿಟ್ಟಿದ್ದಾರಂತೆ, ಮುಚ್ಚಿಟ್ಟಿದ್ದಾರಂತೆ. ಇಲ್ಲಿ ತಪ್ಪು ಪೂರ್ತಿ ಜನರ ಮೇಲೆ ಹಾಕೋಕೆ ನನಗೆ ಮನಸ್ಸಿಲ್ಲ. ಅರ್ಥವಾಗದ ಮಾತಿನಲ್ಲಿ ಹೇಳಿದ್ದು ಹೇಳದೆ ಇದ್ದ ಹಾಗೇ.

ಕನ್ನಡದ ಕಡೆ ತಿರುಗಿದರೆ, ಡಿ.ಕೆ. ರವಿಯವರ ಪ್ರಕರಣವನ್ನು ಬಿಟ್ಟು ಹೋಗೋಕೆ ಆಗೋಲ್ಲ. ಕೋಲಾರದ ಜಿಲ್ಲಾಧಿಕಾರಿ ಆಗಿದ್ದಾಗ ಅವರು ಮಾಡಿದ ಹೆಸರು ಗಡಿ ದಾಟಿ ನಮ್ಮೂರಿಗೂ ಬಂದಿತ್ತು. ಗೌರಿಬಿದನೂರು 2007ರವರೆಗೆ ಕೋಲಾರ ಜಿಲ್ಲೆಯದೇ, ನಮ್ಮ ಅರ್ಧ ನೆಂಟಸ್ತನ ಆ ಕಡೆ. 2015ರ ಮಾರ್ಚ್ 16ರಂದು ಅವರು ಬೆಂಗಳೂರಿನ ಮನೆಯಲ್ಲಿ ಸತ್ತು ಸಿಕ್ಕಾಗ ವಾಣಿಜ್ಯ ತೆರಿಗೆ ಇಲಾಖೆಯಲ್ಲಿದ್ದರು. ಅವತ್ತು ಸಂಜೆಯೇ ಎರಡು ತೀರ್ಪು ಹೊರಬಂದವು. ಪೊಲೀಸ್ ಕಮಿಷನರು ಮೇಲ್ನೋಟಕ್ಕೆ ಆತ್ಮಹತ್ಯೆ ಅಂದರು. ಜನ, ಚಾನೆಲ್ಲು, ವಿರೋಧ ಪಕ್ಷ ಕೊಲೆ ಅಂದರು, ಮರಳು ದಂಧೆಯವರು ಅಂದರು. ಕೋಲಾರ ಬಂದ್ ಆಯಿತು. ಗೌರಿಬಿದನೂರಿನಲ್ಲಿ ನನ್ನ ಭಾವಮೈದ ಅಂಗಡಿ ಮುಚ್ಚಿ ಮೆರವಣಿಗೆಗೆ ಹೋಗಿದ್ದ. ‘ಭಾವ, ಅಂಥೋರು ಹಂಗೆ ಮಾಡ್ಕಳಲ್ಲ, ನೀವೇ ಹೇಳಿ’ ಅಂತ ಫೋನಿನಲ್ಲಿ ಅತ್ತ. ನಾನೂ ಹೌದು ಅಂದೆ. ಈಗ ಯೋಚಿಸಿದರೆ, ಅಂಥೋರು ಎಂಥೋರು ಅಂತ ನಮ್ಮಿಬ್ಬರಿಗೂ ಏನು ಗೊತ್ತಿತ್ತು? ಪೇಪರಿನಲ್ಲಿ ನೋಡಿದ ಮುಖ ಒಂದು.

ಇಲ್ಲಿ ಕಮಿಷನರ ಮಾತನ್ನೂ ವಿಮರ್ಶೆ ಮಾಡಲೇಬೇಕು. ಮರಣೋತ್ತರ ಪರೀಕ್ಷೆ ಮುಗಿಯೋ ಮುಂಚೆ ಖಾಕಿ ಹಾಕಿಕೊಂಡವರು ಆಡಿದರೆ ಅದೂ ಊಹೆಯೇ. ಕೊನೆಗೆ ಅದು ನಿಜ ಆಯಿತು ಅನ್ನೋದರಿಂದ ಅವತ್ತಿನ ಆತುರ ಸರಿ ಆಗೋಲ್ಲ. ಆ ಆತುರವೇ ಜನರ ಅನುಮಾನಕ್ಕೆ ತುಪ್ಪ ಹೊಯ್ದದ್ದು. ಮುಂದೆ ನಡೆದದ್ದು ಇನ್ನೂ ಹೊಲಸು. ತನಿಖೆಯಿಂದ ಸೋರಿದ್ದು ಅಂತ ಹೇಳಿ ಒಬ್ಬ ಹೆಣ್ಣುಮಗಳನ್ನು, ಅವರೂ ಅಧಿಕಾರಿಯೇ, ಎಳೆದು ತಂದರು. ಮಧ್ಯಂತರ ವರದಿಯನ್ನು ಬಹಿರಂಗ ಮಾಡದ ಹಾಗೆ ಹೈಕೋರ್ಟೇ ತಡೆಯಬೇಕಾಯಿತು. ಪ್ರಕರಣ ಸಿಬಿಐಗೆ ಹೋಯಿತು. ಒಂದೂವರೆ ವರ್ಷ ದಾಟಿದ ಮೇಲೆ, 2016ರಲ್ಲಿ, ಅದು ಆತ್ಮಹತ್ಯೆಯೇ, ಕಾರಣ ವೈಯಕ್ತಿಕ ಅನ್ನೋ ನಿರ್ಣಯಕ್ಕೆ ಸಿಬಿಐ ಬಂತು. ಅವತ್ತು ನಮ್ಮ ಕನ್ನಡ ಪತ್ರಿಕೆಯಲ್ಲಿ ಅದು ಚಿಕ್ಕ ಸುದ್ದಿ. ನನ್ನ ಭಾವಮೈದ ಇವತ್ತಿಗೂ ನಂಬೋಲ್ಲ. ಸಿಬಿಐ ತನಿಖೆ ಆಗಲಿ ಅಂತ ಬೀದಿಗಿಳಿದವನು ಅವನೇ. ಅದು ಹೇಳಿದ್ದು ಬೇಡ ಅಂದವನೂ ಅವನೇ.

ಹಾಗಾದರೆ ಜನ ಬಾಯಿ ಮುಚ್ಚಿಕೊಂಡಿರಬೇಕಾ? ಇದನ್ನ ನಮ್ಮ ವಾಚನಾಲಯದ ಹುಡುಗರು ನನ್ನನ್ನು ಕೇಳಿದ್ದಾರೆ, ಕೇಳಬೇಕಾದ್ದೇ. ಅವರಿಗೆ ನಾನು ನೆನಪಿಸೋದು ಪುಲಿವೆಂದುಲ. 2019ರ ಮಾರ್ಚ್ 15ರ ಬೆಳಗ್ಗೆ ವೈ.ಎಸ್. ವಿವೇಕಾನಂದ ರೆಡ್ಡಿಯವರು ಹೃದಯಾಘಾತದಿಂದ ತೀರಿಕೊಂಡರು ಅಂತ ಟಿವಿಗಳಲ್ಲಿ ಬಂತು. ಶಾಂತವಾಗಿ, ಗೌರವವಾಗಿ ಹೇಳಿದ ಮಾತು. ಅದೇ ದಿನ ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯಿತು, ಮೈಮೇಲೆ ಹರಿತವಾದ ಆಯುಧದ ಗಾಯಗಳು, ಕೊಲೆ. ಚುನಾವಣೆಗೆ ತಿಂಗಳು ಇರಲಿಲ್ಲ. ಎರಡೂ ಪಕ್ಷದವರು ಒಬ್ಬರ ಮೇಲೊಬ್ಬರು ಹಾಕಿಕೊಂಡರು. 2020ರಲ್ಲಿ ಹೈಕೋರ್ಟು ಅದನ್ನು ಸಿಬಿಐಗೆ ಒಪ್ಪಿಸಿತು. ಅಂದರೆ ‘ಸಹಜ ಸಾವು’ ಅನ್ನೋದೂ ಒಂದು ಊಹೆ ಆಗಬಹುದು, ಅದೂ ಸುಳ್ಳಾಗಬಹುದು. ಅನುಮಾನಪಡೋದು ತಪ್ಪಲ್ಲ. ಅನುಮಾನಪಡುವವನಿಗೂ ತೀರ್ಪು ಕೊಡುವವನಿಗೂ ಬೇರೆ ಬೇರೆ ಕೆಲಸ ಇದೆ. ಅನುಮಾನಿಸುವವನು ‘ಪರೀಕ್ಷೆ ಮಾಡಿ’ ಅಂತಾನೆ. ತೀರ್ಪು ಕೊಟ್ಟವನಿಗೆ ಪರೀಕ್ಷೆಯೇ ಬೇಡ.

ಹೃದಯಾಘಾತದ ಮಾತು ಬಂತು, ಹಾಗಾಗಿ ಹಾಸನ. 2025ರ ಜೂನ್ ಕೊನೆಗೆ ಕನ್ನಡ ಚಾನೆಲ್‌ಗಳಲ್ಲಿ ಒಂದು ಲೆಕ್ಕ ಶುರುವಾಯಿತು: ಹಾಸನದಲ್ಲಿ ಇವತ್ತು ಮತ್ತೊಂದು, ನಲವತ್ತು ದಿನದಲ್ಲಿ ಇಪ್ಪತ್ತೆರಡು, ಇಪ್ಪತ್ಮೂರು. ಕ್ರಿಕೆಟ್ ಸ್ಕೋರಿನ ಹಾಗೆ. ಈ ಲೆಕ್ಕದಲ್ಲಿ ಒಂದು ಭಾರಿ ದೋಷ ಇದೆ. ಹೋದ ವರ್ಷ ಅದೇ ನಲವತ್ತು ದಿನದಲ್ಲಿ ಅಲ್ಲಿ ಎಷ್ಟು ಜನ ಎದೆನೋವಿನಿಂದ ಸತ್ತಿದ್ದರು? ಪಕ್ಕದ ಜಿಲ್ಲೆಯಲ್ಲಿ ಎಷ್ಟು? ಅದನ್ನು ಹೇಳದೆ ಬರೀ ಈ ಅಂಕಿ ಹೇಳಿದರೆ ಅದು ಲೆಕ್ಕ ಅಲ್ಲ, ಹೆದರಿಕೆ. ಜನ ಹೆದರಿದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತಿತು. ನಮ್ಮೂರಿನಿಂದ ಕೂಡ ಇಬ್ಬರು ಗಟ್ಟಿಮುಟ್ಟಾದ ಹುಡುಗರು ಇಸಿಜಿ ಮಾಡಿಸಿಕೊಂಡು ಬಂದರು. ಕೋವಿಡ್ ಲಸಿಕೆಯೇ ಕಾರಣ ಅನ್ನೋ ಮಾತು ಮೊದಲೇ ಹರಿದಾಡ್ತಿತ್ತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜಯದೇವದ ನಿರ್ದೇಶಕ ಡಾ. ರವೀಂದ್ರನಾಥ್ ನೇತೃತ್ವದ ಸಮಿತಿಗೆ ಹತ್ತು ದಿನದಲ್ಲಿ ವರದಿ ಕೊಡಿ ಅಂತ ಸೂಚಿಸಿದರು, ಅದು ಸರಿ. ಅದೇ ಬರಹದಲ್ಲಿ, ಲಸಿಕೆಗೆ ಆತುರದ ಅನುಮೋದನೆ ಕೊಟ್ಟದ್ದೂ ಕಾರಣ ಆಗಿರಬಹುದು ಅನ್ನೋ ಅರ್ಥದ ಮಾತನ್ನೂ ಸೇರಿಸಿದರು. ಪರೀಕ್ಷೆಗೆ ಕೂರಿಸಿ ಉತ್ತರವನ್ನೂ ಪಿಸುಗುಟ್ಟಿದ ಹಾಗೆ.

ಸಮಿತಿ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ. ಅದು ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಒಂದು ರಸ್ತೆ ಅಪಘಾತ ಕೂಡ ಆ ಲೆಕ್ಕದೊಳಗೆ ಸೇರಿಕೊಂಡಿತ್ತು. ಉಳಿದ 20ರಲ್ಲೂ ಅರ್ಧದಷ್ಟು ಮಾತ್ರ ಖಚಿತ, ಮಿಕ್ಕವು ಇರಬಹುದು ಅನ್ನೋ ಮಟ್ಟದವು. ಕಾರಣಗಳು ಹಳೆಯವೇ: ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ, ಮನೆತನದಲ್ಲಿ ಬಂದದ್ದು. ಈ ವರದಿಯಿಂದ ಬಂದ ಒಳ್ಳೇ ಫಲ ಅಂದರೆ, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಆರೋಗ್ಯ ಮಂತ್ರಿಗಳು ಹೇಳಿದ್ದು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, ನಲವತ್ತಾರನೇ ವಯಸ್ಸಿಗೆ ಹೋದಾಗಲೂ ಹೀಗೇ ಆಯಿತು. ಜಿಮ್ಮು ಅಂದರು, ಲಸಿಕೆ ಅಂದರು, ಕೊನೆಗೆ ಮೊದಲು ನೋಡಿದ ಕುಟುಂಬದ ಡಾಕ್ಟರರ ಕ್ಲಿನಿಕ್ಕಿಗೆ ಪೊಲೀಸ್ ಕಾವಲು ಹಾಕಬೇಕಾಯಿತು.

ಇಷ್ಟೆಲ್ಲ ದೊಡ್ಡವರ ವಿಷಯ ಬರೆದ ಮೇಲೆ ನಮ್ಮೂರದ್ದನ್ನೂ ಬರೀಬೇಕು. ಯಾರ ಮನೆ ಅಂತ ಓದೋರಿಗೆ ಗೊತ್ತಾಗುತ್ತೆ. ಆ ಮನೆಯವಳನ್ನು ಕೇಳಿಯೇ ಬರೀತಿದ್ದೀನಿ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ, ಮೂವತ್ತೈದು ಇರಬಹುದು, ಹಿಪ್ಪುನೇರಳೆ ತೋಟಕ್ಕೆ ರಾತ್ರಿ ಕರೆಂಟು ಬಂದಾಗ ನೀರು ಬಿಡೋಕೆ ಹೋದವನು ಬೆಳಗ್ಗೆ ಮೋಟರು ರೂಮಿನ ಹತ್ತಿರ ಸತ್ತುಬಿದ್ದಿದ್ದ. ಬಾಯಲ್ಲಿ ನೊರೆ. ಬೆನ್ನೆಲ್ಲ ಕೆನ್ನೀಲಿ. ಪಕ್ಕದಲ್ಲಿ ಔಷಧಿ ಹೊಡೆಯೋ ಡಬ್ಬ. ಅವನಿಗೂ ಹೆಂಡತಿಗೂ ಹಿಂದಿನ ವಾರ ಜಗಳ ಆಗಿದ್ದನ್ನು ಬೀದಿಯವರು ಕೇಳಿದ್ದರು. ಇನ್ನೇನು ಬೇಕು? ಎಸ್ಸೈ ಬರೋಕೆ ಮುಂಚೆ ಊರು ತೀರ್ಮಾನ ಮಾಡಿತ್ತು: ‘ಅವ್ಳೇ ಏನೋ ಕೊಟ್ಟವ್ಳೆ.’

ಎಸ್ಸೈ ಬಂದು ಪಂಚನಾಮೆಗೆ ಜನ ಕರೆದರು. ಇದನ್ನ ಗಮನಿಸಬೇಕು. ನಮ್ಮ ಕಾನೂನಿನಲ್ಲಿ ಊರಿನ ಮಾತಿಗೆ ಒಂದು ಜಾಗ ಇದೆ. ಅನುಮಾನದ ಸಾವಾದಾಗ ಆ ನೆರೆಯ ಇಬ್ಬರಾದರೂ ಮರ್ಯಾದಸ್ಥರ ಎದುರಿಗೆ ದೇಹ ನೋಡಿ, ಗಾಯ ಗುರುತು ಬರೆದು, ಮೇಲ್ನೋಟಕ್ಕೆ ಕಾಣುವ ಕಾರಣ ಏನು ಅಂತ ದಾಖಲಿಸಿ ಸಹಿ ಹಾಕಿಸಬೇಕು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮು, 2024ರ ಜುಲೈಯಿಂದ ಹೊಸ ಸಂಹಿತೆಯ 194. ಕಟ್ಟೆಯ ಮೇಲೆ ಅಷ್ಟು ಹೊತ್ತು ಅಷ್ಟು ಗಟ್ಟಿಯಾಗಿ ಆಡಿದವರಲ್ಲಿ ಒಬ್ಬನೂ ಸಹಿ ಹಾಕೋಕೆ ಬರಲಿಲ್ಲ. ಒಬ್ಬನಿಗೆ ಹಸುಗೆ ಹುಲ್ಲು ಹಾಕಬೇಕಿತ್ತು, ಇನ್ನೊಬ್ಬನಿಗೆ ಹಿಂದೂಪುರದ ರೇಷ್ಮೆ ಮಾರ್ಕೆಟ್ಟಿಗೆ ಹೊತ್ತಾಗಿತ್ತು. ನಾನು, ಇನ್ನಿಬ್ಬರು ನಿಂತೆವು. ಕಾಗದ ತೆಲುಗಿನಲ್ಲಿ, ಸಹಿ ನನ್ನದು ಕನ್ನಡದಲ್ಲಿ. ಕಾರಣ ತಿಳಿಯದು, ಡಾಕ್ಟರು ಪರೀಕ್ಷಿಸಿ ಹೇಳಬೇಕು ಅಂತ ಬರೆಸಿದೆವು.

ಅಲ್ಲಿಯವರೆಗೆ ನಾನು ಸರಿಯಾಗಿದ್ದೆ. ಸಂಜೆ ವಾಚನಾಲಯಕ್ಕೆ ಬಂದಾಗ ನಾಲ್ಕು ಜನ ಸುತ್ತ ಕೂತರು. ‘ನೀವು ಹತ್ರದಿಂದ ನೋಡಿದೋರು, ಏನಿತ್ತು ಸಾಮಿ?’ ಅಂದರು. ನಾನು ‘ಬಾಯಲ್ಲಿ ನೊರೆ ಇತ್ತಪ್ಪ’ ಅಂದೆ. ಅಷ್ಟೇ. ಅದು ನಿಜವೂ ಹೌದು. ಆದರೆ ರಾತ್ರಿ ಹೊತ್ತಿಗೆ ಅದು ‘ಪಂಚರೇ ಹೇಳಿದರು, ವಿಷ ಅಂತೆ’ ಆಗಿತ್ತು. ಮಾರನೇ ದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ಸಾಲು ಬಂತು, ‘ಅನುಮಾನಾಸ್ಪದ’ ಅನ್ನೋ ಪದದ ಜೊತೆ. ಅದನ್ನು ಕತ್ತರಿಸಿ ಯಾರೋ ಆ ಹೆಣ್ಣುಮಗಳ ಅತ್ತೆಗೆ ತೋರಿಸಿದರು.

ನೊರೆ ಅಂದರೆ ವಿಷ ಅನ್ನೋದು ಸಿನಿಮಾ ಕಲಿಸಿದ ವೈದ್ಯ. ಹೃದಯ ಕೈಕೊಟ್ಟು ಶ್ವಾಸಕೋಶದಲ್ಲಿ ನೀರು ತುಂಬಿದರೂ ನೊರೆ ಬರುತ್ತೆ. ಬೆನ್ನಿನ ಕೆನ್ನೀಲಿ ಏಟಲ್ಲ. ಸತ್ತ ಕೆಲವು ಗಂಟೆಗಳಲ್ಲಿ ರಕ್ತ ಕೆಳಗಿನ ಭಾಗಕ್ಕೆ ಇಳಿದು ನಿಲ್ಲುತ್ತೆ, ಅಂಗಾತ ಬಿದ್ದವನಿಗೆ ಬೆನ್ನು ಆ ಬಣ್ಣಕ್ಕೆ ತಿರುಗುತ್ತೆ. ಇವನ್ನೆಲ್ಲ ನನಗೆ ಆಮೇಲೆ ಒಬ್ಬ ಡಾಕ್ಟರು ವಿವರಿಸಿದರು. ಶವಪರೀಕ್ಷೆ ಮಾಡಿದ ದಿನವೇ ಕಾರಣ ಹೇಳೋಕೆ ಆಗದಿದ್ದರೆ ಅಭಿಪ್ರಾಯವನ್ನು ಕಾದಿರಿಸ್ತಾರೆ. ಹೊಟ್ಟೆ, ಅದರೊಳಗಿದ್ದದ್ದು, ಪಿತ್ತಜನಕಾಂಗ, ಮೂತ್ರಪಿಂಡದ ತುಂಡುಗಳನ್ನು ಉಪ್ಪುನೀರಿನ ಬಾಟಲಿಗಳಲ್ಲಿ ಹಾಕಿ, ಮೊಹರು ಮಾಡಿ, ರಾಸಾಯನಿಕ ಪರೀಕ್ಷೆಗೆ ಕಳಿಸ್ತಾರೆ. ಹೃದಯವನ್ನು ಬೇರೆಯಾಗಿ, ಫಾರ್ಮಲಿನ್‌ನಲ್ಲಿ ಇಟ್ಟು. ಎರಡೂ ಕಡೆಯ ಉತ್ತರ ಬಂದ ಮೇಲೆ ಅಂತಿಮ ಅಭಿಪ್ರಾಯ. ಇದಕ್ಕೆ ತಿಂಗಳುಗಳು ಹಿಡೀತವೆ. ಹೋಗೋ ಕಡೆ ಇಂಥ ಬಾಟಲಿಗಳು ರಾಶಿ ರಾಶಿ ಬಂದು ಕಾಯ್ತಿರ್ತವೆ.

ಆ ತಿಂಗಳುಗಳಲ್ಲಿ ಏನಾಯಿತು ಅನ್ನೋದನ್ನ ಯಾವ ವರದಿಯೂ ಬರೆಯೋಲ್ಲ. ಅವಳ ಕೈಯಿಂದ ಯಾರೂ ನೀರು ಕುಡಿಯಲಿಲ್ಲ. ಹತ್ತಿರದಲ್ಲಿದ್ದ ಹುಳು ಸಾಕಣೆ ಮನೆಗೆ ಕೂಲಿಗೆ ಕರೆಯಲಿಲ್ಲ. ಮಗ ಎರಡನೇ ಕ್ಲಾಸು. ಶಾಲೆಯಲ್ಲಿ ಅವನ ಊಟದ ಡಬ್ಬಿಯನ್ನು ಇನ್ನೊಂದು ಮಗು ಮುಟ್ಟಿದ್ದಕ್ಕೆ ಆ ಮಗುವಿನ ಅಮ್ಮ ಬಂದು ಬೈದು ಹೋದಳು. ವಿಮೆಯವರು ಅಂತಿಮ ಅಭಿಪ್ರಾಯ ಬರಲಿ ಅಂದರು. ಮೂರನೇ ತಿಂಗಳು ಅವಳು ಮಗನನ್ನು ಕರಕೊಂಡು ಗಡಿಯಾಚೆ ತೌರಿಗೆ ಹೋದಳು. ಅವಳು ಹೋದಳು ಅನ್ನೋದನ್ನೇ ಜನ ಪುರಾವೆ ಮಾಡಿಕೊಂಡರು. ತಪ್ಪಿಲ್ಲದಿದ್ದರೆ ಯಾಕೆ ಹೋಗ್ತಿದ್ದಳು?

ವರದಿ ಬಂದಾಗ ವರ್ಷಕ್ಕೆ ಹತ್ತಿರ ಆಗಿತ್ತು. ವಿಷ ಇಲ್ಲ. ಹೃದಯದ ಮುಖ್ಯ ರಕ್ತನಾಳ ಮುಚ್ಚಿಕೊಂಡಿತ್ತು. ಅವನ ಅಪ್ಪನೂ ನಲವತ್ತು ತುಂಬೋ ಮುಂಚೆ ಹೊಲದಲ್ಲೇ ಬಿದ್ದು ಸತ್ತಿದ್ದ. ಆಗ ಊರು ಅದನ್ನು ಗಾಳಿ ಸೋಕಿದ್ದು ಅಂದಿತ್ತು.

ಅವಳು ಒಂದು ಮಧ್ಯಾಹ್ನ ಅಣ್ಣನ ಬೈಕಿನಲ್ಲಿ ಬಂದಳು. ನಾನೊಬ್ಬನೇ ಇದ್ದೆ, ಕನ್ನಡ ಪತ್ರಿಕೆ ತಡವಾಗಿ ಬಂದಿತ್ತು, ಕ್ಲಿಪ್ಪು ಹಾಕ್ತಿದ್ದೆ. ಕಾಗದ ಇಂಗ್ಲಿಷಿನಲ್ಲಿತ್ತು. ‘ಅಣ್ಣ, ಇದನ್ನ ಕನ್ನಡದಾಗೆ ಓದಿ ಹೇಳು. ಒಂದು ಮಾತೂ ಬಿಡಬ್ಯಾಡ’ ಅಂದಳು. ಓದಿದೆ. ಕೆಲವು ಪದ ನನಗೂ ಗೊತ್ತಿರಲಿಲ್ಲ, ಫೋನಿನಲ್ಲಿ ಹುಡುಕಿ ಹೇಳಿದೆ. ಅವಳು ಅಳಲಿಲ್ಲ. ‘ಅವತ್ತು ನೊರೆ ಅಂದಿದ್ದು ನೀನೇ ಅಲ್ವಾ’ ಅಂತ ಕೇಳಿದಳು. ಹೌದಮ್ಮ ಅಂದೆ. ಇದ್ದದ್ದನ್ನೇ ಹೇಳಿದ್ದು ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ಆಡಲಿಲ್ಲ.

ಎದುರಿನ ಅಂಗಡಿಯಲ್ಲಿ ಮೂರು ಜೆರಾಕ್ಸ್ ಮಾಡಿಸಿಕೊಂಡು ಬಂದಳು. ಒಂದು ವಿಮೆಯವರಿಗೆ, ಒಂದು ಅತ್ತೆಗೆ. ಮೂರನೆಯದನ್ನು ನನ್ನ ಮೇಜಿನ ಮೇಲೆ ಇಟ್ಟು, ‘ಇದು ಇಲ್ಲಿರಲಿ, ಪೇಪರ್ ಓದೋಕೆ ಬರ್ತಾರಲ್ಲ’ ಅಂದಳು. ಅವತ್ತಿನ ಪತ್ರಿಕೆಯ ಜೊತೆ ಅದನ್ನೂ ಕ್ಲಿಪ್ಪಿಗೆ ಹಾಕಿ ಬೆಂಚಿನ ಮೇಲಿಟ್ಟೆ. ವಾರವಿಡೀ ಅಲ್ಲೇ ಇತ್ತು. ಇಬ್ಬರು ಎತ್ತಿ ನೋಡಿದರು, ಇಂಗ್ಲಿಷು ಅಂತ ಕೆಳಗಿಟ್ಟರು. ಆಮೇಲೆ ನಾನೇ ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಅದರ ಕೆಳಗೆ ಸೇರಿಸಿದ್ದೀನಿ. ಮೊದಲ ಕಪಾಟಿನಲ್ಲಿ, ಹಳೇ ಪತ್ರಿಕೆಗಳ ಕಟ್ಟಿನ ಮೇಲೆ ಇದೆ.